ಬಂಗ್ಡೆಗೆ ಚೀಟಿ ಬರೆಯಲಿಲ್ಲ

ನಲ್ಲಿ ನಿಲ್ಲಿಸಿಲ್ಲ ಇನ್ನೂ, ನೀರು ಬೀಳುವ ಸದ್ದು ಮೂರನೇ ಕ್ಲಾಸಿನ ಕಿಟಕಿ ದಾಟಿ ಬರುತ್ತಿದೆ, ಬರಲಿ, ವನಜ ಟೀಚರ್ ಆ ಕಡೆ ತಿರುಗುವುದಿಲ್ಲ, ತಿರುಗಿದರೆ ಧನ್ಯಶ್ರೀಯ ಪುಟ್ಟ ಬೆನ್ನು ಕಾಣುತ್ತದೆ — ಇಲ್ಲಿ ಎದುರಿಗೆ ಹೊಸ ಸ್ಮಾರ್ಟ್ ಬೋರ್ಡು ಕೊಡಿಸಿದ ದಾನಿಗಳು ಕುರ್ಚಿ ತುಂಬ ಕೂತಿದ್ದಾರೆ, ಹೆಡ್‌ಮಾಷ್ಟ್ರು ವೈಕುಂಠ ಕೈಕಟ್ಟಿ ನಗುತ್ತಿದ್ದಾರೆ, ಶುರು ಮಾಡಿ ಟೀಚರೇ, ಇವತ್ತಿನ ಹೊಸ ಪದ. ಹೊಸ ಪದವಂತೆ! ಹನ್ನೊಂದು ವರ್ಷದಿಂದ ಅವಳಿಗೆ ಗೊತ್ತಿದ್ದ ದಾರಿ ಒಂದೇ, ಪದ ಬೇಕಾದವರು ವಸ್ತು ತರಬೇಕು, ಎಲ್ಲರೂ ಮುಟ್ಟಬೇಕು, ಮೂಸಬೇಕು, ಆಮೇಲೆ ಚೀಟಿಯಲ್ಲಿ ಬರೆದು ಹಿಂದಿನ ಗೋಡೆಯ ಹರಕು ಬಲೆಗೆ ತೂಗುಹಾಕಬೇಕು, ತನ್ವಿ ದರ್ಭೆ ತಂದಳು, ಅಕ್ಷಯ್ ಹಲಸಿನ ಬೀಜ ತಂದ, ಎರಡೂ ಬಲೆಗೆ ಸೇರಿದವು, ಬಲೆ ಕೊಟ್ಟವರು ಧನ್ಯಶ್ರೀಯ ಅಜ್ಜ ಬಚ್ಚ, ಇನ್ ದೋಣಿಗ್ ಆತಿಲ್ಲೆ ಟೀಚರ್, ಮಕ್ಕಳಿಗಾರೂ ಆತ್ತಾ ಕಾಣಿ ಎಂದಿದ್ದರು, ಮೊಮ್ಮಗಳು ಮಾತ್ರ ಜೂನ್‌ನಿಂದ ಬಾಯಿ ಬಿಟ್ಟವಳಲ್ಲ, ಹಾಜರಿಗೂ ಬರೀ ಕೈ ಎತ್ತುವವಳು, ಇವತ್ತು ಬೆಳಿಗ್ಗೆ ತಾನಾಗಿ ಬಂದು ನಿಂತಳು, ಸಾಗುವಾನಿ ಎಲೆ ಬಿಚ್ಚಿದಳು, ಒಳಗೆ ಮಿನುಗುವ ಮೀನು, ಟೀಚರ್, ಇದ್ ಬಂಗ್ಡೆ, ಕಣ್ಣ್ ಕಾಣಿ, ಕೆಂಪಾರೆ ಹಳಿದ್, ಇದ್ ಈಗ ತಂದದ್ — ನಾಲ್ಕು ತಿಂಗಳ ಮೌನ ಒಡೆದು ಬಂದ ಮಾತು, ವನಜ ಪೆನ್ನು ತೆಗೆದಿದ್ದಳು, ಚೀಟಿ ಕೈಯಲ್ಲಿತ್ತು, ಬ ಬರೆಯುವಷ್ಟರಲ್ಲಿ ಬಾಗಿಲಲ್ಲಿ ವೈಕುಂಠರು, ಹ್ವಾಯ್ ಟೀಚರೇ, ಎಂತ ಇದ್, ಶಾಲಿಯಾ ಮೀನ್ ಪೇಟಿಯಾ? ಗೆಸ್ಟ್ ಬಪ್ಪ ಹೊತ್ತಾಯ್ತ್, ಗೋಡಿ ಮೇಲಿನ ಆ ಬಲಿ ಮೊದ್ಲ್ ತೆಗಿನಿ, ನಾತ.

ನಾತ! ಬಂಗ್ಡೆ ಹಿಡಿದವರ ತೆರಿಗೆಗೆ ನಾತವಿಲ್ಲ, ಓಟಿಗೆ ನಾತವಿಲ್ಲ, ಸಾರಾಗಿ ಪೇಟೆಯ ಹೋಟೆಲಿನ ತಟ್ಟೆಗೆ ಬಂದರೆ ಅದು ಸ್ಪೆಷಲ್, ಎಲೆಯಲ್ಲಿ ಸುತ್ತಿ ಮಗು ತಂದರೆ ಮಾತ್ರ ನಾತ, ಹೇಳಬೇಕಿತ್ತು, ಇಷ್ಟೂ ಮಾತು ನಾಲಿಗೆಯ ತುದಿಯಲ್ಲಿತ್ತು, ಹೇಳಿದ್ದೇನು ಅವಳು? ಹೊರ್ಗಿಟ್ಟ್ ಕೈ ತೊಳ್ಕಂಡ್ ಬಾ. ಅದೇ ಮಾತು, ಅಕ್ಷರ ಬದಲಾಗದ ಅದೇ ಮಾತು, ಅಮ್ಮ ಬುಟ್ಟಿ ಹೊತ್ತು ವಂಡ್ಸೆಯ ಮನೆಮನೆಗೆ ಮೀನು ಮಾರುತ್ತಿದ್ದ ಕಾಲ, ಇಂಥದೇ ಬಾಗಿಲಲ್ಲಿ ಏಳು ವರ್ಷದ ವನಜಳಿಗೆ ಕ್ಲಾಸಿನ ಅಕ್ಕೋರು ಹೇಳಿದ್ದ ಮಾತು, ಅವಳು ತೊಳೆದಳು, ಮೂಸಿದಳು, ಮತ್ತೆ ತೊಳೆದಳು, ಈಗಲೂ ಸ್ಟಾಫ್‌ರೂಮಿನ ಬಾಗಿಲು ದಾಟುವ ಮುಂಚೆ ಕೈ ತಾನಾಗಿ ಮೂಗಿಗೆ ಹೋಗುತ್ತದೆ, ಮೀನು ಮುಟ್ಟದ ದಿನವೂ. ಮೂವತ್ತೈದು ವರ್ಷ ತಾನು ಹೊತ್ತದ್ದನ್ನು ಒಂದು ನಿಮಿಷದಲ್ಲಿ ಇನ್ನೊಬ್ಬಳ ತಲೆಗೆ ಇಳಿಸಿಬಿಟ್ಟಳಲ್ಲ, ಥೂ — ಹೂಂ ಟೀಚರೇ, ಬಟನ್ ಒತ್ತಿ, ವೈಕುಂಠರ ಪಿಸುದನಿ, ಒತ್ತಿದಳು, ಬೋರ್ಡು ಬೆಳಗಿತು, ಮೊದಲ ಚಿತ್ರ, ಅಯ್ಯೋ, ಮೀನು! ಕಿತ್ತಳೆ ಬಣ್ಣದ್ದು, ರೆಪ್ಪೆಗೂದಲಿಟ್ಟು ನಗುವ ಮೀನು, ಬೋರ್ಡೇ ಹೇಳುತ್ತಿದೆ, ಫಿಶ್, ರಿಪೀಟ್ ಆಫ್ಟರ್ ಮಿ, ಮಕ್ಕಳು ಕೂಗುತ್ತಾರೆ, ಫಿಶ್, ಕುರ್ಚಿಯ ಹೆಂಗಸು ಚಪ್ಪಾಳೆ ತಟ್ಟುತ್ತಾಳೆ, ಎಷ್ಟು ಚಂದ, ಅಕ್ಷಯ್ ಎದ್ದು ನಿಲ್ಲುತ್ತಾನೆ, ಟೀಚರ್, ಇದ್ ಎಂತ ಮೀನ್? ಬಂಗ್ಡೆ ಅಲ್ವೇ ಅಲ್ಲ, ನಂಗೊತ್ತಿತ್, ಕೂಕೊಣಾ ಎಂದು ವೈಕುಂಠರ ಕಣ್ಣು ಅವನನ್ನು ಕೂರಿಸುತ್ತದೆ, ಹಿಂದಿನ ಗೋಡೆಯಲ್ಲಿ ಬಲೆಯಿಲ್ಲ, ನಾಲ್ಕು ಮೊಳೆ, ಅರ್ಧ ಬರೆದ ಚೀಟಿ ಅವಳ ಮುಷ್ಟಿಯಲ್ಲಿ ಒದ್ದೆಯಾಗಿದೆ, ಮತ್ತೊಮ್ಮೆ ಹೇಳಿಸಿ ಟೀಚರೇ, ಜೋರಾಗಿ, ಹೇಳಿಸಬೇಕು, ಆದರೆ ಕುತ್ತಿಗೆ ಕಿಟಕಿಯ ಕಡೆ ತಿರುಗಿಯೇಬಿಟ್ಟಿತು — ನಲ್ಲಿಯಡಿ ಧನ್ಯಶ್ರೀ, ಪಕ್ಕದಲ್ಲಿ ಎಲೆ, ಎಲೆಯ ಮೇಲೆ ಕಾಗೆ, ಅವಳು ಕಾಗೆಯನ್ನು ಓಡಿಸುತ್ತಿಲ್ಲ, ಸೋಪು ಹಚ್ಚುತ್ತಾಳೆ, ತೊಳೆಯುತ್ತಾಳೆ, ಅಂಗೈಯನ್ನು ಮೂಗಿಗೆ ಒಯ್ಯುತ್ತಾಳೆ, ಮತ್ತೆ ಸೋಪು, ಮತ್ತೆ ನೀರು, ಅಂಗೈ, ಮೂಗು, ಮತ್ತೆ ಅಂಗೈ —