ಬಕೆಟ್ಟಿನಲ್ಲಿ ಬಂದ ಮೊಲ

ಮನೆಗೆ ಒಂದು ಮಿಕ್ಸಿ ತರಬೇಕಾದರೆ ಪೇಂಟರ್ ಇದ್ದಬದ್ದ ಅಂಗಡಿಗಳನ್ನೆಲ್ಲ ಜಾಲಾಡುತ್ತಾನೆ. ಗ್ಯಾರಂಟಿ ಎಷ್ಟು, ಕೆಟ್ಟರೆ ರಿಪೇರಿಗೆ ಎಲ್ಲಿಗೆ ಒಯ್ಯಬೇಕು, ಬ್ಲೇಡ್ ಸವೆದರೆ ಬೇರೆ ಸಿಗುತ್ತದೋ ಇಲ್ಲವೋ ಎಂದು ಅಂಗಡಿಯವನ ತಲೆ ತಿನ್ನುತ್ತಾನೆ. ಅಂಥ ಮನುಷ್ಯ ಒಂದು ಸಂಜೆ ಖಾಲಿ ಪೇಂಟ್ ಬಕೆಟ್ಟಿನಲ್ಲಿ ಒಂದು ಬಿಳಿ ಮೊಲವನ್ನು ಹಾಕಿಕೊಂಡು ಬಂದ. ಯಾರನ್ನೂ ಒಂದು ಮಾತು ಕೇಳಿರಲಿಲ್ಲ.

ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷೀನಿನ ಎದುರು ಕೂತಿದ್ದ ಅವನ ಹೆಂಡತಿ ತುಳಿಯುವುದನ್ನು ನಿಲ್ಲಿಸಿದಳು. ಆ ಕೋಣೆಯೇ ಅವಳ ಟೈಲರ್ ಅಂಗಡಿ.

"ಏನ್ರೀ ಇದು?"

"ಮೊಲ ಕಣೇ."

"ಮೊಲ ಅಂತ ನಂಗೂ ಕಾಣ್ತಿದೆ. ಇಲ್ಲಿಗ್ಯಾಕೆ ಬಂತು ಅಂತ ಕೇಳ್ದೆ."

"ಬಣ್ಣ ಹೊಡೀತಿದ್ದ ಮನೆಯವ್ರು ಸುಮ್ನೆ ಕೊಟ್ರು. ಎಷ್ಟು ಮುದ್ದಾಗಿದೆ ನೋಡು!"

"ಅಷ್ಟು ಮುದ್ದಾಗಿದ್ರೆ ಅವ್ರೇ ಯಾಕೆ ಇಟ್ಕೊಳ್ಳಲಿಲ್ಲ? ಏನು ತಿನ್ನತ್ತೆ, ಹೇಗೆ ಸಾಕ್ಬೇಕು, ಏನಾದ್ರೂ ಕೇಳಿದ್ರಾ?"

"ಮೊಲಕ್ಕೇನು ಮಹಾ? ಕ್ಯಾರೆಟ್ ಕೊಟ್ರಾಯ್ತು. ಮಕ್ಕಳ ಪುಸ್ತಕದಲ್ಲೆಲ್ಲ ಹಂಗೇ ಚಿತ್ರ ಇರತ್ತೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹೋದ ಸಲ ಈ ಮಹಾರಾಯ ಹೀಗೇ ಬಣ್ಣದ ಮೀನು ತಂದಿದ್ದ. ತೊಟ್ಟಿ ಥಳಥಳ ಹೊಳೆಯಲೆಂದು ಸೋಪುಪುಡಿ ಹಾಕಿ ಉಜ್ಜಿದ. ಮೀನುಗಳು ಮೇಲೆ ತೇಲಿದವು. ಮಗಳು ಅತ್ತೂ ಅತ್ತೂ ಜ್ವರ ಬರಿಸಿಕೊಂಡಳು. ಇನ್ನೊಂದು ಸಲ ಆ ಸಂಕಟ ಯಾರಿಗೆ ಬೇಕು? ಆದರೆ ಅಷ್ಟರಲ್ಲಿ ಮಗಳು ಓಡಿಬಂದು ಮೊಲವನ್ನು ಎತ್ತಿಕೊಂಡಾಗಿತ್ತು, ಅದಕ್ಕೆ ಉಂಡೆ ಅಂತ ಹೆಸರಿಟ್ಟೂ ಆಗಿತ್ತು. ತಾಯಿ ಇನ್ನೇನು ತಾನೇ ಹೇಳಿಯಾಳು? ಬೈಯುತ್ತಲೇ ಹಳೆಯದೊಂದು ಬುಟ್ಟಿ ಹುಡುಕಿ, ಹೊಲಿದು ಉಳಿದ ಬಟ್ಟೆಚೂರುಗಳಲ್ಲಿ ಮೆತ್ತನೆಯವನ್ನೇ ಆರಿಸಿ ಹಾಸಿಕೊಟ್ಟಳು.

ಆಮೇಲೆ ಶುರುವಾಯಿತು ನೋಡಿ. ಉಂಡೆ ಅಳತೆ ಟೇಪನ್ನು ಕಚ್ಚಿ ತುಂಡರಿಸಿತು. ಇಸ್ತ್ರಿಪೆಟ್ಟಿಗೆಯ ವೈರು ಕಡಿಯಿತು. ಗಿರಾಕಿಯೊಬ್ಬರ ಪ್ಯಾಂಟಿನ ತುದಿಯನ್ನೂ ಬಿಡಲಿಲ್ಲ. ಎಲ್ಲಿ ಕಾಲಿಟ್ಟರೂ ಹಿಕ್ಕೆ. ಪೇಂಟರ್ ಮಾತ್ರ ಖುಷಿಯಾಗಿ ಕ್ಯಾರೆಟ್ ಕೊಟ್ಟ, ಬಿಸ್ಕತ್ತು ಕೊಟ್ಟ, ಒಂದು ದಿನ ಶಾಂಪೂ ಹಾಕಿ ತಲೆಸ್ನಾನವನ್ನೂ ಮಾಡಿಸಿಬಿಟ್ಟ. ಮೊಲ ಗಡಗಡ ನಡುಗಿತು.

"ಯಾರನ್ನಾದ್ರೂ ಕೇಳಿ ಮಾಡ್ರೀ," ಎಂದು ಅವಳು ಗಂಟಲು ಹರಿದುಕೊಂಡಳು.

"ಕಾಡಲ್ಲಿ ಮೊಲ ಯಾರನ್ನ ಕೇಳ್ಕೊಂಡು ಬದುಕತ್ತೆ? ನಿಂದೊಳ್ಳೆ ಕತೆ!"

ಒಂದು ಬೆಳಿಗ್ಗೆ ಉಂಡೆ ಮೂಲೆಯಲ್ಲಿ ಮುದುರಿ ಕೂತಿತ್ತು. ಇಟ್ಟ ಕ್ಯಾರೆಟ್ ಇಟ್ಟಲ್ಲೇ ಇತ್ತು. ನೆಲದ ಮೇಲೆ ಒಂದು ಹಿಕ್ಕೆಯೂ ಇಲ್ಲ.

"ಅಮ್ಮಾ, ಇದು ಏನೂ ತಿಂತಿಲ್ಲ," ಎಂದಳು ಮಗಳು.

"ಹಸಿವಿಲ್ಲ ಅಷ್ಟೇ, ಸಂಜೆಗೆ ತಿನ್ನತ್ತೆ ಬಿಡು," ಎಂದ ಪೇಂಟರ್.

ಮೀನು ಮಂಕಾದಾಗಲೂ ಅವನು ಹೀಗೇ ಅಂದಿದ್ದ. ಅವಳು ಅರ್ಧ ಹೊಲಿದ ಕೋಟನ್ನು ಹಾಗೇ ಬಿಟ್ಟು, ಅಂಗಡಿಯ ಬಾಗಿಲೆಳೆದು, ಮೊಲವನ್ನೂ ಗಂಡನನ್ನೂ ಮಗಳನ್ನೂ ಹೊರಡಿಸಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ನಡೆದಳು.

ಡಾಕ್ಟರಮ್ಮ ಮೊಲದ ಹೊಟ್ಟೆ ಮುಟ್ಟಿ ನೋಡಿದರು. "ಒಳ್ಳೇದಾಯ್ತು, ಬೇಗ ಬಂದ್ರಿ. ಮೊಲ ಅರ್ಧ ದಿನ ತಿನ್ನಲಿಲ್ಲ ಅಂದ್ರೆ ಅದರ ಜೀವಕ್ಕೇ ಅಪಾಯ. ಏನು ಹಾಕ್ತಿದ್ರಿ ಇದಕ್ಕೆ?"

"ಕ್ಯಾರೆಟ್ಟು... ಬಿಸ್ಕತ್ತು," ಎಂದ ಪೇಂಟರ್.

"ಹುಲ್ಲು?"

"ಹುಲ್ಲಾ?"

"ಒಣಹುಲ್ಲೇ ಅದರ ಊಟ ರೀ. ಹಗಲೂ ರಾತ್ರಿ ಮುಂದೆ ಇರ್ಬೇಕು. ಅದರ ಹಲ್ಲು ಬೆಳೀತಾನೇ ಇರತ್ತೆ, ಹುಲ್ಲು ಅಗಿದ್ರೇ ಸವೆಯೋದು. ಕ್ಯಾರೆಟ್ ಅದಕ್ಕೆ ಸಿಹಿತಿಂಡಿ ಇದ್ದಂಗೆ, ಯಾವಾಗ್ಲಾದ್ರೂ ಒಂದು ಚೂರು ಸಾಕು. ಬಿಸ್ಕತ್ತು ಬೇಡವೇ ಬೇಡ. ಸ್ನಾನವಂತೂ ಮಾಡಿಸ್ಲೇಬೇಡಿ, ಹೆದರಿಕೆಗೇ ಜೀವ ಹೋಗ್ಬಹುದು."

"ಅಲ್ಲ ಡಾಕ್ಟ್ರೇ, ಕಾಡಲ್ಲಿ ಇದನ್ನ ಯಾರು..."

"ಕಾಡಲ್ಲಿ ತನಗೆ ಬೇಕಾದ್ದನ್ನ ಅದೇ ಹುಡುಕ್ಕೊಳ್ಳತ್ತೆ. ನಿಮ್ಮ ಮನೇಲಿ ನೀವು ಕೊಟ್ಟಿದ್ದೇ ಅದಕ್ಕೆ ಗತಿ."

ಹೆಂಡತಿ ನಡುವೆ ಬಾಯಿ ಹಾಕಿದಳು. "ನಾನು ಬಡ್ಕೊಂಡೆ ಡಾಕ್ಟ್ರೇ, ಕೇಳ್ಬೇಕಲ್ಲ ಇವ್ರು!"

"ಮಲಗೋಕೆ ಏನು ಹಾಸಿದ್ರಿ?"

"ಬಟ್ಟೆಚೂರು. ಮೆತ್ತಗಿರೋದನ್ನ ನಾನೇ ಆರಿಸಿ ಹಾಕಿದ್ದೆ," ಎಂದಳು ಸ್ವಲ್ಪ ಹೆಮ್ಮೆಯಿಂದಲೇ.

ಡಾಕ್ಟರಮ್ಮ ತಲೆ ಎತ್ತಿದರು. "ಅಯ್ಯೋ, ಅದನ್ನೇ ತಿಂದಿರತ್ತಲ್ಲ ತಾಯಿ. ನೂಲು ಹೊಟ್ಟೆಗೆ ಹೋದ್ರೆ ಕರುಳು ಕಟ್ಕೊಳ್ಳತ್ತೆ. ಮೊಲಕ್ಕೆ ವಾಂತಿ ಮಾಡೋಕೂ ಬರಲ್ಲ."

ಕೇಳಿಲ್ಲ ಕೇಳಿಲ್ಲ ಎಂದು ಗಂಡನ ಮೇಲೆ ಹಾರಾಡಿದ್ದೇ ಬಂತು. ತಾನಾದರೂ ಯಾರನ್ನು ಕೇಳಿದ್ದಳು? ಅವಳಿಗೆ ತನ್ನ ಮೇಲೇ ಸಿಟ್ಟು ಬಂತು, ಅಳುವೂ ಬಂತು.

ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟರು, ಔಷಧಿ ಕುಡಿಸಿದರು. "ಕರುಳು ಪೂರ್ತಿ ಕಟ್ಟಿಲ್ಲ ಅನ್ಸತ್ತೆ. ಹಿಕ್ಕೆ ಹಾಕಿದ್ರೆ ಬದುಕ್ತು. ಇಲ್ಲೇ ಕೂತಿರಿ," ಎಂದರು.

ಮೂವರೂ ಬೆಂಚಿನ ಮೇಲೆ ಮೊಲದ ಹಿಂಭಾಗವನ್ನೇ ನೋಡುತ್ತಾ ಕೂತರು. ಮಧ್ಯಾಹ್ನ ಕಳೆಯಿತು. ಯಾರಿಗೂ ಊಟದ ನೆನಪಾಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಮಗಳು "ಅಮ್ಮಾ!" ಎಂದು ಕಿರುಚಿದಳು. ಎರಡು ಹಿಕ್ಕೆ ಬಿದ್ದಿದ್ದವು. ಒಂದಕ್ಕೆ ನೀಲಿ ನೂಲು ಸುತ್ತಿಕೊಂಡಿತ್ತು, ಹೋದ ವಾರ ತಾಯಿಯೇ ಹೊಲಿದ ಅಂಗಿಯ ನೂಲು. ಪೇಂಟರ್ ಕಣ್ಣೊರೆಸಿಕೊಂಡ.

ಆ ಸಂಜೆಯೇ ಬಟ್ಟೆಚೂರಿನ ಬುಟ್ಟಿ ಹೊರಗೆ ಹೋಯಿತು. ಒಣಹುಲ್ಲು ಬಂತು. ವೈರುಗಳೆಲ್ಲ ಗೋಡೆಯ ಮೇಲೇರಿದವು. ಉಂಡೆಗೆ ಹಿಂದಿನ ಕೋಣೆಯಲ್ಲಿ ಬೇಲಿ ಹಾಕಿದ ಒಂದು ಮೂಲೆ ಸಿಕ್ಕಿತು.

ಕೆಲವು ದಿನಗಳ ಮೇಲೆ ಪೇಂಟರನ ತಮ್ಮ ಫೋನ್ ಮಾಡಿದ. ತಾನಿರುವ ಬೀದಿಯಲ್ಲಿ ನಾಯಿ ಮರಿ ಹಾಕಿದೆ, ಒಂದನ್ನು ತಂದುಕೊಡಲೇ ಎಂದ. ನಾಯಿಮರಿಯ ಮಾತು ಕಿವಿಗೆ ಬಿದ್ದದ್ದೇ ಹೆಂಡತಿ ಕತ್ತರಿ ಕೆಳಗಿಟ್ಟು, ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡಳು.

"ದಿನಾ ಅದನ್ನ ಯಾರೋ ತಿರುಗಾಡಿಸ್ತಾರೆ?" ಎನ್ನುತ್ತಿದ್ದ ಪೇಂಟರ್ ಫೋನಿನಲ್ಲಿ. "ಲಸಿಕೆ ಹಾಕಿಸ್ಬೇಕು, ಹತ್ತು ಹನ್ನೆರಡು ವರ್ಷ ನೋಡ್ಕೋಬೇಕು. ನಾನು ಬೆಳಿಗ್ಗೆ ಹೋದ್ರೆ ಕತ್ತಲಿಗೆ ಬರೋನು. ನಮ್ಮ ಕೈಲಾಗಲ್ಲ ಕಣೋ. ನೀನೂ ಸಿಕ್ಕಸಿಕ್ಕೋರಿಗೆ ಕೊಡ್ಬೇಡ. ನೋಡ್ಕೊಳ್ಳೋಕೆ ಬರೋರನ್ನ ಹುಡುಕು."

ಅವಳು ಜಗಳವನ್ನು ನುಂಗಿಕೊಂಡು ಮತ್ತೆ ಕತ್ತರಿ ಎತ್ತಿಕೊಂಡಳು.

ಅಣ್ಣಂದಿರೇ, ಅಕ್ಕಂದಿರೇ, ಮುದ್ದಾಗಿದೆ ಎಂದು ಯಾವ ಪ್ರಾಣಿಯನ್ನೂ ಹಾಗೇ ಎತ್ತಿಕೊಂಡು ಬರಬೇಡಿ. ಅದು ಏನು ತಿನ್ನುತ್ತದೆ, ಎಷ್ಟು ಜಾಗ ಬೇಕು, ಎಷ್ಟು ವರ್ಷ ಬದುಕುತ್ತದೆ, ನೀವು ಊರಲ್ಲಿ ಇಲ್ಲದಾಗ ಯಾರು ನೋಡಿಕೊಳ್ಳುತ್ತಾರೆ, ಮೊದಲು ಇಷ್ಟನ್ನು ತಿಳಿದುಕೊಳ್ಳಿ. ಹತ್ತಿರದ ಪಶುವೈದ್ಯರನ್ನು ಕೇಳಿ. ಕೈಲಾಗದು ಅನ್ನಿಸಿದರೆ ಬೇಡ ಎನ್ನಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ನಿಮ್ಮ ಮನೆ ತನಗೆ ಹೊಂದುತ್ತದೋ ಇಲ್ಲವೋ ಎಂದು ಆ ಪ್ರಾಣಿ ಬಾಯಿಬಿಟ್ಟು ಕೇಳಲಾರದು. ಅದರ ಪರವಾಗಿ ನೀವೇ ಕೇಳಿ.