ಎಡಗೈಯ ನೂರ ಅರವತ್ತು ತುಣುಕು

"ಇನ್ನೊಂದ್ಸಲ," ಎಂದಳು ಅಕ್ಕ, ತಲೆ ಎತ್ತದೆ.

ಇದು ಹತ್ತೊಂಬತ್ತನೆಯ ಸಲ. ತಮ್ಮ ತನ್ನ ಆಳೆತ್ತರದ ತಂತಿವಾದ್ಯ ಬಾಸನ್ನು ಹೆಗಲಿಗೆ ಒರಗಿಸಿಕೊಂಡು ಕೆಂಪಾದ ಬೆರಳ ತುದಿಗಳನ್ನು ಊದಿಕೊಂಡ. ಬೆಳಗಿನ ಹತ್ತರ ಬಿಸಿಲು ನೇರ ಲ್ಯಾಪ್‌ಟಾಪಿನ ಮೇಲೆ ಬೀಳುತ್ತಿದ್ದರಿಂದ ಅಕ್ಕ ರಟ್ಟಿನ ಡಬ್ಬವೊಂದನ್ನು ಹರಿದು ಮರೆ ಕಟ್ಟಿದ್ದಳು. ಆ ನೆರಳಿನಲ್ಲಿ ಸಾಫ್ಟ್‌ವೇರಿನ ಬಣ್ಣದ ಪಟ್ಟಿಗಳು ಒಂದರ ಕೆಳಗೊಂದು ಓಡುತ್ತಿದ್ದವು. ಯಾವ ಸ್ವರ ಯಾವಾಗ ಬಂತು, ಎಷ್ಟು ಹೊತ್ತು ನಿಂತಿತು, ಎಷ್ಟು ಗಟ್ಟಿಯಾಗಿ ಬಿತ್ತು, ಎಲ್ಲವೂ ಅಲ್ಲಿ ದಾಖಲು. ಅದಕ್ಕೇ ಅಕ್ಕ ಆ ಸಾಫ್ಟ್‌ವೇರಿಗೆ ಗುಮಾಸ್ತ ಎಂದು ಹೆಸರಿಟ್ಟಿದ್ದಳು.

"ಗುಮಾಸ್ತ ಮತ್ತೆ ಮೂಗು ತೂರಿಸಿದ ನೋಡು," ಎಂದಳು. "ನಾನು ಬೇಕಂತಲೇ ಒಂಚೂರು ತಡವಾಗಿ ನುಡಿಸಿದ್ರೆ, ಇವನು ಎಳ್ಕೊಂಡು ಹೋಗಿ ತಾಳದ ಗೆರೆ ಮೇಲೆ ಕೂರಿಸ್ತಾನೆ. ಮೂವತ್ತು ವರ್ಷ ಊರವರ ತಪ್ಪೆಲ್ಲ ತಿದ್ದಿದೀನಿ. ನನ್ನನ್ನೇ ತಿದ್ದೋಕೆ ಬರ್ತಾನಲ್ಲ!"

ಅಚ್ಚುಕೂಟದಲ್ಲಿ ಕರಡು ತಿದ್ದುವುದು ಅವಳ ಕೆಲಸವಾಗಿತ್ತು; ಜಾಝ್ ಪಿಯಾನೊ ಅವಳ ಪ್ರಾಣ. ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಬೀಳುವ ಅವಳ ಎಡಗೈಯನ್ನು ಗೋಡೆಯಾಚೆ ನಿಂತು ಕೇಳಿದರೂ ಗುರುತಿಸಬಹುದಿತ್ತು. ಎಂಟು ತಿಂಗಳ ಹಿಂದೆ ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಲಕ್ವ ಹೊಡೆಯಿತು. ಕಾಲು ಮೂರು ತಿಂಗಳಲ್ಲಿ ವಾಪಸು ಬಂತು. ಮಾತಿಗೆ ಏನೂ ಆಗಲಿಲ್ಲ. "ಅದಕ್ಕಾದ್ರೂ ಆಗಬಾರದಿತ್ತಾ" ಎಂದು ಭಾವ ಆಸ್ಪತ್ರೆಯಲ್ಲೇ ಅವಳನ್ನು ನಗಿಸಿ, ಆಮೇಲೆ ಹೊರಗೆ ಮೆಟ್ಟಿಲ ಮೇಲೆ ಕೂತು ಅತ್ತಿದ್ದರು. ಎಡಗೈಯಲ್ಲಿ ಮಾತ್ರ ಹೆಬ್ಬೆರಳೊಂದು ಉಳಿಯಿತು. ಮಿಕ್ಕ ನಾಲ್ಕು ಬೆರಳು ಮಡಚಿಕೊಂಡು ಮಲಗಿಬಿಟ್ಟವು.

ಈಗ ಅವಳು ಎಡಗೈ ನುಡಿಸಬೇಕಾದ್ದನ್ನು ಮೊದಲು ಬಲಗೈಯಲ್ಲಿ ನುಡಿಸಿ ಗುಮಾಸ್ತನಿಗೆ ಒಪ್ಪಿಸುತ್ತಿದ್ದಳು. ಅವನು ಅದನ್ನು ಸ್ಪೀಕರಿನಲ್ಲಿ ಹೇಳುತ್ತಿರುವಾಗ ಅದರ ಮೇಲೆ ಬಲಗೈಯ ಪಾಲು ನುಡಿಸುತ್ತಿದ್ದಳು. ತಮ್ಮ ಪಕ್ಕದಲ್ಲಿ ನಿಂತು ಬಾಸ್ ಮೀಟಬೇಕು, ಸರಿಹೋಗದಿದ್ದರೆ ಇನ್ನೊಂದ್ಸಲ.

ತಮ್ಮ ಅವಳ ಮನೆಗೆ ಬಂದದ್ದು ಬೇರೆ ಕೆಲಸಕ್ಕೆ. ನಾಲ್ಕು ವಾರ ಕಳೆದರೆ ಒಂದು ಭಾನುವಾರ ಮಧ್ಯಾಹ್ನ ಗ್ರಂಥಾಲಯದ ಸಭಾಂಗಣದಲ್ಲಿ ಅವರ ತಂಡದ ಕಾರ್ಯಕ್ರಮ. ಮೂವತ್ತನಾಲ್ಕು ವರ್ಷದಿಂದ ಅದೇ ನಾಲ್ವರು: ಅಕ್ಕ, ತಮ್ಮ, ಸ್ಯಾಕ್ಸೋಫೋನ್ ಊದುವ ಮೇಷ್ಟ್ರು, ಮತ್ತೆ ಡ್ರಮ್ಸ್ ಬಾರಿಸುವವನು. ಅವನನ್ನು ಎಲ್ಲರೂ ಗಡಿಯಾರ ಎಂದು ಕರೆಯುತ್ತಿದ್ದರು. ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಂದ ಆಸಾಮಿಯಲ್ಲ, ಕೋಲು ಹಿಡಿದನೆಂದರೆ ಮಾತ್ರ ತಾಳ ಅಲ್ಲಾಡದು. ಹೋಟೆಲೊಂದರಲ್ಲಿ ಪಿಯಾನೊ ನುಡಿಸುವವನೊಬ್ಬನನ್ನು ಅಕ್ಕನ ಜಾಗಕ್ಕೆ ತಮ್ಮ ಆಗಲೇ ಕೇಳಿ ಒಪ್ಪಿಸಿಯೂ ಆಗಿತ್ತು. ಅಕ್ಕನಿಗೆ ಹೇಳುವುದೊಂದು ಬಾಕಿ. ತನ್ನ ಕನ್ನಡಕದಂಗಡಿಯಲ್ಲಿ ಗಾಜು ಅರೆಯುತ್ತ ಆ ಮಾತನ್ನೂ ಮೂರು ದಿನ ಅರೆದಿದ್ದ. ಈಗ ಬಾಯಿಗೆ ಬಂದದ್ದು ಬೇರೆಯೇ.

"ಅಕ್ಕ, ಕಾಫಿ ಮಾಡ್ಲಾ?"

"ಮಾಡು. ಕುಡಿದು ಇನ್ನೊಂದ್ಸಲ."

ಆ ಶನಿವಾರ ಅವಳು ಗುಮಾಸ್ತನನ್ನು ತಾಲೀಮಿಗೆ ಹೊತ್ತುತಂದಳು. ಮೇಷ್ಟ್ರು ಭೂಗೋಳ ಪಾಠ ಮಾಡುವ ಶಾಲಾ ಕೋಣೆಯಲ್ಲಿ, ಗೋಡೆಯ ನಕಾಶೆಗಳ ನಡುವೆ ತಾಲೀಮು. ಮೊದಲ ಎರಡು ನಿಮಿಷ ತಮ್ಮನ ಮೈ ಜುಮ್ಮೆಂದಿತು. ಅಕ್ಕನ ಎಡಗೈ, ಅದೇ ಕೂದಲೆಳೆಯಷ್ಟು ತಡ, ಸ್ಪೀಕರಿನಿಂದ ಬರುತ್ತಿತ್ತು. ಆಮೇಲೆ ಮೇಷ್ಟ್ರಿಗೆ ಹುರುಪು ಹತ್ತಿತು. ಅವರು ಲೆಕ್ಕದಲ್ಲಿಲ್ಲದ ಇನ್ನೊಂದು ಸುತ್ತು ಊದಲು ಹೊರಟರು, ಗಡಿಯಾರ ಅವರ ಬೆನ್ನಿಗೆ ಬಿದ್ದು ಓಟ ಹೆಚ್ಚಿಸಿದ, ತಮ್ಮ ಗಡಿಯಾರನ ಬೆನ್ನಿಗೆ ಬಿದ್ದ. ಎಡಗೈ ಮಾತ್ರ ತನಗೆ ಒಪ್ಪಿಸಿದ್ದನ್ನು ಒಪ್ಪಿಸಿದ ವೇಗದಲ್ಲೇ ಹೇಳುತ್ತ ಹೋಯಿತು. ಅರ್ಧ ನಿಮಿಷದಲ್ಲಿ ಎಲ್ಲ ಕಲಸುಮೇಲೋಗರವಾಗಿ ಒಬ್ಬೊಬ್ಬರೇ ನಿಲ್ಲಿಸಿದರು. ಎಡಗೈ ಇನ್ನೂ ನುಡಿಯುತ್ತಿತ್ತು. ಅಕ್ಕ ಕೈ ಚಾಚಿ ಆರಿಸಿದಳು.

"ರಚನೆ ಬರೆಯೋಕೆ ಇದು ಚೆನ್ನಾಗಿದೆಯಮ್ಮ," ಎಂದರು ಮೇಷ್ಟ್ರು ಮೆಲ್ಲಗೆ. "ನಮ್ಮ ಜೊತೆ ನುಡಿಸೋಕೆ ಅಂದ್ರೆ... ನಾವು ಏನ್ ಮಾಡ್ತೀವಂತ ನಮಗೇ ಗೊತ್ತಿರಲ್ಲ. ಪಾಪ, ಇದಕ್ಕೆ ಹೇಗೆ ಗೊತ್ತಾಗಬೇಕು?"

ಅಕ್ಕ ತಂತಿಗಳನ್ನೆಲ್ಲ ಬಲಗೈಯೊಂದರಲ್ಲೇ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ನೆರವಿಗೆ ಬಂದ ತಮ್ಮನ ಕೈ ತಳ್ಳಿದಳು. ಇನ್ನು ತಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಅವಳಿಗೇ ಅರ್ಥವಾಗಿದೆ ಎಂದುಕೊಂಡು ಅವನು ಮನೆಯತ್ತ ನಡೆದ. ಹಾಗೆ ಅಂದುಕೊಂಡಾಗ ಮನಸ್ಸು ಹಗುರಾಯಿತು. ಹಗುರಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಹನ್ನೆರಡು ದಿನ ಅವಳ ಸುದ್ದಿಯಿಲ್ಲ. ಹದಿಮೂರನೆಯ ದಿನ ಭಾವ ಅಂಗಡಿಗೆ ಫೋನ್ ಮಾಡಿದರು. "ಬಾಸ್ ತಗೊಂಡು ಬರಬೇಕಂತೆ ನೀನು. ಬೇಗ ಬಾ ಮಾರಾಯ. ನಾನು ಬಡಗಿ ಅಂತ ಮದುವೆಯಾದ್ಲೋ ಏನೋ, ಎರಡು ವಾರದಿಂದ ನನ್ನ ಗರಗಸಕ್ಕೆ ಬಿಡುವಿಲ್ಲ."

ಪಿಯಾನೊದ ಕೆಳಗೆ ಭಾವ ಮಾಡಿಕೊಟ್ಟ ಇಳಿಜಾರು ಹಲಗೆ. ಅದರ ಮೇಲೆ ಸಾಲಾಗಿ ಎಂಟು ಪೆಡಲು. ಎಡಪಕ್ಕ, ಹೆಬ್ಬೆರಳಿಗೆ ಎಟುಕುವಂತೆ, ಬೆಂಕಿಪೊಟ್ಟಣದಷ್ಟಗಲದ ನಾಲ್ಕು ರಬ್ಬರ್ ಗುಂಡಿ. ಎಲ್ಲದರ ತಂತಿಯೂ ಲ್ಯಾಪ್‌ಟಾಪಿಗೆ. ಅಕ್ಕ ಬರಿಗಾಲಲ್ಲಿ ಕೂತಿದ್ದಳು. ಅವಳ ಎರಡು ಹಿಮ್ಮಡಿಗೂ ಪ್ಲಾಸ್ಟರ್ ಅಂಟಿಸಿತ್ತು.

"ಗುಮಾಸ್ತನ ತಾಳ ಆಫ್ ಮಾಡ್ಬಿಟ್ಟೆ," ಎಂದಳು. "ನಮಗೆ ನಮ್ಮ ಗಡಿಯಾರ ಸಾಕು. ಉದ್ದುದ್ದ ಪಾಠ ಒಪ್ಪಿಸಿದ್ದೇ ನನ್ನ ತಪ್ಪು ಕಣೋ. ಎಲ್ಲಾ ಕತ್ತರಿಸಿದೀನಿ. ಐದು ರಚನೆ, ಒಂದೊಂದಕ್ಕೆ ಮೂವತ್ತೆರಡು ತುಣುಕು. ಯಾವ ಗುಂಪು ಅಂತ ಹೆಬ್ಬೆರಳು ಹೇಳತ್ತೆ, ಯಾವ ತುಣುಕು ಅಂತ ಕಾಲು ಹೇಳತ್ತೆ. ನಾನು ಕರೆಯೋವರೆಗೂ ಅವನು ಬಾಯಿ ತೆಗೆಯೋ ಹಾಗಿಲ್ಲ. ಹೂಂ, ಶುರು ಮಾಡು. ನನ್ನನ್ನ ಬೀಳಿಸೋಕೆ ನೋಡು."

ತಮ್ಮ ನೋಡಿದ. ನಿಧಾನ ಮಾಡಿದ, ಇದ್ದಕ್ಕಿದ್ದಂತೆ ಓಡಿದ, ನಡುವೆ ಗಕ್ಕನೆ ನಿಂತ. ಅವಳು ನಿಂತಳು. ಅವನು ಅರ್ಧ ತಾಳ ತಪ್ಪಿಸಿ ಹೊರಟರೆ ಕೂದಲೆಳೆಯಷ್ಟು ತಡವಾಗಿ ಹಿಂದೆಯೇ ಹೊರಟಳು. ಕತ್ತಲಲ್ಲಿ ಮೆಟ್ಟಿಲು ಹುಡುಕುವವಳ ಹಾಗೆ ಅವಳ ಪಾದಗಳು ಪೆಡಲುಗಳ ಮೇಲೆ ಸರಿದಾಡುತ್ತಿದ್ದವು. ಮೇಲೆ ಬಲಗೈ ತನ್ನಷ್ಟಕ್ಕೆ ಹಾಡಿಕೊಂಡಿತ್ತು. ಅರವತ್ತೊಂದು ವರ್ಷದ ಹೆಂಗಸು, ಹದಿಮೂರು ದಿನದಲ್ಲಿ, ಎರಡು ಕಾಲನ್ನೂ ಒಂದು ಹೆಬ್ಬೆರಳನ್ನೂ ಶಾಲೆಗೆ ಹಾಕಿ ಪಾಸು ಮಾಡಿಸಿದ್ದಳು. ತಮ್ಮನ ಕೈ ತಾನಾಗಿ ತಂತಿಯಿಂದ ಕೆಳಗಿಳಿಯಿತು.

"ಅಕ್ಕ, ಆ ಹೋಟೆಲಿನವನಿಗೆ ನಾನು..."

"ಗೊತ್ತು. ನೀನು ಕಾಫಿ ಮಾಡ್ಕೊಟ್ಯಲ್ಲ, ಅದರ ಮಾರನೇ ದಿನವೇ ಅವನು ಫೋನ್ ಮಾಡಿದ್ದ. 'ಯಾಕಕ್ಕ, ನೀವು ನುಡಿಸಲ್ವಾ?' ಅಂದ."

"ಮತ್ತೆ ನನ್ನನ್ನ ಯಾಕೆ ಕೇಳ್ಲಿಲ್ಲ?"

"ನೀನೇ ಹೇಳ್ಲಿ ಅಂತ. ಹೇಳಿದ್ಯಲ್ಲ ಈಗ." ಅವಳು ಹಿಮ್ಮಡಿಯ ಪ್ಲಾಸ್ಟರನ್ನು ಒತ್ತಿ ಸರಿಮಾಡಿಕೊಂಡಳು. "ನಿನ್ನ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ. ನಿನಗಿಂತ ಬೇಗ ಮಾಡ್ತಿದ್ದೆ. ಅವನಿಗೆ ಮೊನ್ನೆ ಹೇಳಿದೀನಿ, ಮುಂದಿನ ಸಾಲಲ್ಲಿ ಕೂತು ಕೇಳಪ್ಪ ಅಂತ. ಖುಷಿಯಿಂದ ಒಪ್ಪಿದ. ಈಗ ಮುಖ ಸರಿ ಮಾಡ್ಕೊಂಡು ಇಲ್ಲಿ ಬಾ, ನಿನಗೊಂದು ತೋರಿಸ್ಬೇಕು."

ತನ್ನ ಎಡಗೈಯ ತುಣುಕುಗಳಿಗಾಗಿ ಅವಳು ತಂಡದ ಹಳೆಯ ಧ್ವನಿಮುದ್ರಣಗಳನ್ನೆಲ್ಲ ಜಾಲಾಡಿದ್ದಳು. ಗಡಿಯಾರ ಒಂದೊಂದು ವಾದ್ಯವನ್ನೂ ಬೇರೆ ಬೇರೆಯಾಗಿ ಮುದ್ರಿಸಿಟ್ಟಿದ್ದ ಒಂದು ಕಾರ್ಯಕ್ರಮ ಸಿಕ್ಕಿತ್ತು, ಹನ್ನೊಂದು ವರ್ಷದ ಹಿಂದಿನದು. ಪರದೆಯಲ್ಲಿ ಎರಡೇ ಪಟ್ಟಿ ತೆರೆದಳು. ನೀಲಿಯದು ಅವಳ ಎಡಗೈ, ಕಂದುಬಣ್ಣದ್ದು ಅವನ ಬಾಸ್. ಎರಡೂ ತಗ್ಗಿನ ಸ್ವರಗಳಲ್ಲೇ ತಿರುಗಾಡುತ್ತಿದ್ದವು. ಕಂದು ಎಲ್ಲಿ ಎದ್ದರೂ ಅದರ ಮೇಲೆ ನೀಲಿ ಬಿದ್ದಿತ್ತು.

"ನೋಡ್ದಾ? ನೀನು ಎಲ್ಲೆಲ್ಲಿ ಬಾಯಿ ತೆರೀತೀಯೋ ಅಲ್ಲೆಲ್ಲ ನಾನು ಬಂದು ಕೂತಿದೀನಿ. ಕಿವಿಗೆ ಗೊತ್ತೇ ಆಗಿರ್ಲಿಲ್ಲ ಕಣೋ. ಕಣ್ಣಿಗೆ ಕಂಡ ಮೇಲೆ ಗೊತ್ತಾಯ್ತು. ಮೂವತ್ತನಾಲ್ಕು ವರ್ಷ!"

ಅವಳು ನೀಲಿಯ ಸದ್ದನ್ನು ಅಡಗಿಸಿದಳು. ಬಾಸ್ ಒಂದೇ ಉಳಿಯಿತು. ಏಳೆಂಟು ಸ್ವರದ ಒಂದು ಪುಟ್ಟ ಏರು, ತುದಿಗೆ ಬಂದು ಮನಸ್ಸು ಬದಲಿಸಿದಂತೆ ಬದಿಗೆ ಇಳಿಯುವುದು. ತಮ್ಮನಿಗೆ ಅದನ್ನು ನುಡಿಸಿದ ನೆನಪೇ ಇರಲಿಲ್ಲ.

"ಇದು ನಾನಾ?"

"ಇನ್ಯಾರು, ನಿಮ್ಮ ಭಾವನಾ? ಐದನೇ ರಚನೆ ಇದರ ಮೇಲೇ ಕಟ್ಟಿದೀನಿ. ನಡುವೆ ಒಂದು ಕಡೆ ನಾನು ಎರಡೂ ಕಾಲು ಎತ್ತಿಬಿಡ್ತೀನಿ. ಅಲ್ಲಿಂದ ನಿನ್ನ ಸೋಲೋ."

ಅವನು ಎಂದೂ ಎಂಟು ಆವರ್ತ ತಾಳಕ್ಕಿಂತ ಹೆಚ್ಚು ಒಬ್ಬನೇ ನುಡಿಸಿದವನಲ್ಲ. "ಎಷ್ಟು ಹೊತ್ತು?"

"ನಿನಗೆ ಸಾಕು ಅನ್ಸೋವರೆಗೆ."

ಭಾನುವಾರ ಮಧ್ಯಾಹ್ನ ಸಭಾಂಗಣದ ಮಡಚು ಕುರ್ಚಿಗಳು ಮುಕ್ಕಾಲು ತುಂಬಿದ್ದವು. ಗಡಿಯಾರ ಏಳು ನಿಮಿಷ ತಡವಾಗಿ ಬಂದ. ಮೂರನೆಯ ರಚನೆಯಲ್ಲಿ ಮೇಷ್ಟ್ರಿಗೆ ಮತ್ತೆ ಹುರುಪು ಹತ್ತಿ, ಹೇಳದೆ ಕೇಳದೆ ಎರಡು ಸುತ್ತು ಹೆಚ್ಚಿಗೆ ಊದಿದರು. ಎಡಗೈ ಅವರ ಜೊತೆಗೇ ಏರಿತು, ಒಂದು ಕಡೆ ಅವರನ್ನೇ ಕೆಣಕಿತು. ಅವರು ವಾದ್ಯವನ್ನು ಬಾಯಿಂದ ತೆಗೆದು ಹಿಂದಕ್ಕೆ ತಿರುಗಿ ಅಕ್ಕನ ಪಾದಗಳನ್ನು ನೋಡಿದರು. ಮತ್ತೆ ಊದಬೇಕೆಂಬುದು ನೆನಪಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮುಂದಿನ ಸಾಲಿನಲ್ಲಿ ಹೋಟೆಲಿನವನು ಬಗ್ಗಿ ಬಗ್ಗಿ ಪಿಯಾನೊದ ಅಡಿ ಇಣುಕುತ್ತಿದ್ದ.

ಐದನೆಯದರ ನಡುವೆ ಅಕ್ಕ ಕಾಲುಗಳನ್ನು ಎತ್ತಿ ಹಲಗೆಯ ಆಚೆ ನೆಲಕ್ಕಿಟ್ಟಳು. ಬಲಗೈಯನ್ನೂ ಮಡಿಲಿಗೆ ತೆಗೆದುಕೊಂಡಳು.

ಡ್ರಮ್ಮಿನ ಮೇಲೆ ಗಡಿಯಾರ ಆಡಿಸುತ್ತಿದ್ದ ತಂತಿಕುಂಚದ ಸರಸರ ಸದ್ದು ಬಿಟ್ಟರೆ ಏನೂ ಇರಲಿಲ್ಲ. ತಮ್ಮ ಆ ಪುಟ್ಟ ಏರಿನಿಂದ ಶುರುಮಾಡಿದ. ಅಭ್ಯಾಸಬಲದಿಂದ ಅಕ್ಕನ ಎಡಗೈಗೆ ಒರಗಲು ಹೋದ, ಒರಗಲು ಅಲ್ಲಿ ಯಾರೂ ಇರಲಿಲ್ಲ. ಏರಿದ, ಬದಿಗೆ ಇಳಿಯುವ ಬದಲು ಈ ಸಲ ಇನ್ನೊಂದು ಮೆಟ್ಟಿಲು ಹತ್ತಿದ, ಅಲ್ಲಿಂದ ಇನ್ನೊಂದು. ತಂತಿಯ ಮೇಲೆ ತನ್ನ ಬೆರಳು ಎಂದೂ ಹೋಗಿರದ ಜಾಗಗಳಿಗೆ ಹೋದ. ಎಷ್ಟು ಹೊತ್ತಾಯಿತೋ ತಿಳಿಯದು. ಒಮ್ಮೆ ಕಣ್ಣೆತ್ತಿದಾಗ ಅಕ್ಕ ಪರದೆಯ ಕಡೆ ಬೆನ್ನು ತಿರುಗಿಸಿ, ಬಾಯಿ ಸ್ವಲ್ಪ ತೆರೆದುಕೊಂಡು, ಅವನನ್ನೇ ಆಲಿಸುತ್ತಿದ್ದಳು. ಅವನು ಸಾಕು ಎಂದುಕೊಳ್ಳುವಷ್ಟರಲ್ಲಿ ಅವಳ ಬಲಗಾಲ ಹೆಬ್ಬೆರಳು ಒಂದು ಪೆಡಲನ್ನು ಮುಟ್ಟಿತು. ಅವನ ಕೊನೆಯ ಸ್ವರದಡಿಗೆ ಒಂದೇ ಒಂದು ತುಣುಕು ಬಂದು ನಿಂತಿತು, ತುಸು ತಡವಾಗಿ.

ಜನ ಕರಗಿದ ಮೇಲೆ ಭಾವ ಹಲಗೆಯ ತಿರುಪು ಬಿಚ್ಚುತ್ತಿದ್ದರು. ಮೇಷ್ಟ್ರು ಹೋಟೆಲಿನವನಿಗೆ ಏನನ್ನೋ ಕೈ ಆಡಿಸಿ ವಿವರಿಸುತ್ತಿದ್ದರು. ಅಕ್ಕ ಬೆಂಚಿನ ಮೇಲೆ ಕೂತು ಬೂಟಿಗೆ ಕಾಲು ತೂರಿಸಿ, ಒಂದೇ ಕೈಯಲ್ಲಿ ಲೇಸಿನೊಡನೆ ಗುದ್ದಾಡುತ್ತಿದ್ದಳು. ತಮ್ಮ ಬಾಸನ್ನು ಗೋಡೆಗೆ ಒರಗಿಸಿ ಬಂದು ಅವಳೆದುರು ಮೊಣಕಾಲೂರಿ ಕೂತ. ಈ ಸಲ ಅವಳು ಕೈ ತಳ್ಳಲಿಲ್ಲ.

ಅವನು ಲೇಸಿನ ಎರಡು ತುದಿ ಹಿಡಿದ. ಅವಳ ಪಾದ ನೆಲವನ್ನು ಬಡಿಯುತ್ತಲೇ ಇತ್ತು.

"ಸ್ವಲ್ಪ ಸುಮ್ನಿರಕ್ಕ."

"ನಾನು ಸುಮ್ನೇ ಇದೀನಿ ಕಣೋ. ಕಾಲು ಕೇಳ್ತಿಲ್ಲ."

ಅವನು ತಲೆ ಬಗ್ಗಿಸಿ ಕಾದ. ಎರಡು ಬಡಿತದ ನಡುವೆ ಪಾದ ಮೇಲಿದ್ದ ಚೂರು ಹೊತ್ತಿನಲ್ಲಿ ಗಂಟನ್ನು ಎಳೆದು ಬಿಗಿದು, ಇನ್ನೊಂದು ಬೂಟಿಗೆ ಕೈ ಚಾಚಿದ.