ಕ್ಯಾಸೆಟ್ಟಿನ ಹಿಂದಿನ ಬದಿ

ದೋಹಾದಿಂದ ರಜೆಯಲ್ಲಿ ಬಂದ ಅಬ್ದುಲ್ ಸಮದ್, ಅಲ್ಲಿರುವ ಬಾಜಿಲ್ ಮಾತು ತುಂಬಿಸಿ ಕಳಿಸಿದ ಕ್ಯಾಸೆಟ್ ಕೊಡಲು ನಾರಾವಿಯ ಮನೆಗೆ ಬಂದಾಗ ಬಾಜಿಲನ ತಾಯಿ ನತಾಲ್ ಬಾಯಿ ಅವನಿಗೆ ನೀರು ಬೆಲ್ಲ ತರಲು ಒಳಗೆ ಹೋಗಿದ್ದರು. ಅಷ್ಟರಲ್ಲಿ ಅವನು ನೆಲ ನೋಡುತ್ತಾ ಬಾಜಿಲನ ಹೆಂಡತಿ ಕಾರ್ಮಿನಳಿಗೆ ಹೇಳಿದ: "ಬಾಯಿ, ಹಿಂದಿನ ಬದಿ ನಿಮಗೆ ಮಾತ್ರ ಅಂತ ಬಾಜಿಲ್ ಹೇಳಿದ್ದಾನೆ." ಮತ್ತೆ ಅತ್ತೆ ಬಂದ ಮೇಲೆ ಅಲ್ಲಿಯ ಸೆಕೆಯ ವಿಷಯ, ವೆಲ್ಡಿಂಗ್ ಕೆಲಸದ ವಿಷಯ ಮಾತಾಡಿ ಹೋದ.

ಮುಂದಿನ ಬದಿಯನ್ನು ಅತ್ತೆ ಸೊಸೆ ಒಟ್ಟಿಗೆ ಕೇಳಿದರು. ಬಾಜಿಲ್ ತಾಯಿಯ ಕಾಲುನೋವು ವಿಚಾರಿಸಿದ, ದನ ಕರು ಹಾಕಿತೇ ಎಂದು ಕೇಳಿದ, ಬಾವಿಗೆ ಕಟ್ಟೆ ಕಟ್ಟಿಸಲು ಹೇಳಿದ. ನತಾಲ್ ಬಾಯಿ ಪ್ರತಿಯೊಂದಕ್ಕೂ ಯಂತ್ರದ ಕಡೆ ಬಗ್ಗಿ ಉತ್ತರ ಕೊಟ್ಟರು.

ಹಿಂದಿನ ಬದಿಯನ್ನು ಕಾರ್ಮಿನ್ ಮರುದಿನ ಮಧ್ಯಾಹ್ನ, ಅತ್ತೆ ನೆರೆಮನೆಗೆ ಹೋದಾಗ, ಒಬ್ಬಳೇ ಕೇಳಿದಳು. ಅಲ್ಲಿ ಬಾಜಿಲನ ಸ್ವರ ಬೇರೆಯೇ ಇತ್ತು. ಕೋಣೆಯಲ್ಲಿ ಉಳಿದವರು ಕೆಲಸಕ್ಕೆ ಹೋಗಿದ್ದಾರೆ, ಕಂಬಳಿ ಹೊದ್ದು ಅದರೊಳಗಿಂದ ಮಾತಾಡುತ್ತಿದ್ದೇನೆ ಎಂದ. ಮದುವೆಯಾದ ವರ್ಷದ ಬೇಸಿಗೆಯಲ್ಲಿ ಅವಳ ಬೆನ್ನ ಮೇಲೆ ಬೆವರುಸಾಲೆ ಎದ್ದದ್ದು, ತಾನು ಪೌಡರ್ ಹಚ್ಚಿದ್ದು, ಹಚ್ಚುತ್ತಾ ಹಚ್ಚುತ್ತಾ ಪೌಡರ್ ಮರೆತುಹೋದದ್ದು ಹೇಳಿದ. ಅದಾದ ಮೇಲೆ ಹೇಳಿದ್ದನ್ನು ಕೇಳುವಾಗ ಅವಳು ಎದ್ದು ಹೋಗಿ ಕಿಟಕಿ ಮುಚ್ಚಿ ಬಂದಳು. ಅವನನ್ನು ನೋಡಿ ಎರಡು ವರ್ಷವಾಗಿತ್ತು. ಅವನ ಮುಖವನ್ನು ನೆನಪಿಸಿಕೊಳ್ಳಲು ಅವಳು ಈಗೀಗ ಫೋಟೋ ನೋಡಬೇಕಾಗುತ್ತಿತ್ತು. ಆದರೆ ಈ ಸ್ವರಕ್ಕೆ ಮೈ ಇತ್ತು.

ಅವಳು ಅದನ್ನು ಮತ್ತೆ ಕೇಳಿದಳು. ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಶುರುವಾಗಿ ಮನೆಯಲ್ಲಿ ಮೀನು ಮಾಂಸ ನಿಂತ ಮೇಲೂ ಕೇಳಿದಳು. ಕೇಳಿದ ಮೇಲೆ ಚಾಪೆಯ ಮೇಲೆ ಬಿದ್ದುಕೊಂಡು, ಉಸಿರು ಸರಿಯಾದ ಮೇಲೆ, ಹೆದರುತ್ತಿದ್ದಳು. ಮದುವೆಗೆ ಮುಂಚೆ ಸೊದಾಲಿಟಿ ಸಂಘದ ಹುಡುಗಿಯರಿಗೆ ಪಾಠ ಹೇಳುತ್ತಿದ್ದ ಸಿಸ್ಟರ್, ಮೈ ಎಂಬುದು ದೇವಾಲಯ, ಕಣ್ಣು ಕಿವಿ ಅದರ ಬಾಗಿಲು, ಕಾಮ ಒಳಗೆ ಬರುವುದು ಅಲ್ಲಿಂದಲೇ ಎಂದಿದ್ದರು. ಗಂಡ ಹೆಂಡತಿಯ ನಡುವೆ ಏನು ಶುದ್ಧ, ಏನು ಅಲ್ಲ ಎಂದು ಆಗ ಯಾರೂ ಕೇಳಿರಲಿಲ್ಲ. ಮಕ್ಕಳಿಗಾಗಿ ದೇವರು ಕೊಟ್ಟದ್ದು ಎಂದಷ್ಟೇ ಅವಳಿಗೆ ಗೊತ್ತಿತ್ತು. ಒಬ್ಬಳೇ ಮಲಗಿ ಪಡುವ ಈ ಸುಖದಿಂದ ಯಾವ ಮಗುವೂ ಹುಟ್ಟುವುದಿಲ್ಲವಲ್ಲ.

ಈಸ್ಟರಿಗೆ ಮುಂಚೆ ಪಾಪನಿವೇದನೆ ಮಾಡಲೇಬೇಕು. ತಮ್ಮ ಇಗರ್ಜಿಯ ಪಾದ್ರಿಗಳಿಗೆ ಊರವರೆಲ್ಲರ ಸ್ವರ ಗೊತ್ತು. ಹಲ್ಲುನೋವು ಎಂದು ಹೇಳಿ ಅವಳು ಬಸ್ಸು ಹತ್ತಿ ಮೂಡಬಿದ್ರೆಯ ಕಡೆಯ ಒಂದು ಇಗರ್ಜಿಗೆ ಹೋದಳು. ಅಲ್ಲಿ ಹೊರಗಿನಿಂದ ಬಂದ ಪಾದ್ರಿಗಳು ಕೂತಿದ್ದರು, ಸಾಲು ಉದ್ದವಿತ್ತು. ಜಾಲರಿಯ ಮುಂದೆ ಮೊಣಕಾಲೂರಿ, ಒಬ್ಬರ ಮಾತು ಕೇಳಿ ಮನಸ್ಸು ಮೈ ಎರಡೂ ಕೆಟ್ಟವು, ಹನ್ನೊಂದು ಸಲ, ಎಂದಳು. ಪಾದ್ರಿಗಳು ಮದುವೆಯಾಗಿದೆಯೇ ಎಂದು ಕೇಳಿದರು. ಆಗಿದೆ, ಗಂಡ ಪರದೇಶದಲ್ಲಿದ್ದಾನೆ ಎಂದಳು. ಅವರು ಜಾಲರಿಯ ಹತ್ತಿರಕ್ಕೆ ಬಗ್ಗಿದರು.

"ಆ ಮನುಷ್ಯ ಊರವನೇ?"

ಗಂಡನೇ ಎಂದು ಹೇಳಬೇಕಿತ್ತು. ಹೇಳಿದರೆ, ಗಂಡ ಏನು ಹೇಳಿದ ಎಂದು ಕೇಳಿಯಾರು ಎಂದು ಅವಳ ಬಾಯಿ ಕಟ್ಟಿತು. ಬೆನ್ನ ಹಿಂದೆ ಯಾರೋ ಕೆಮ್ಮಿದರು. ಅವಳು ಸುಮ್ಮನಿದ್ದದ್ದನ್ನು ಪಾದ್ರಿಗಳು ಹೌದೆಂದೇ ತಿಳಿದರು. ಇನ್ನು ಆ ಮಾತು ಕೇಳಬಾರದು, ಕೇಳುವ ದಾರಿಯನ್ನೇ ಮುಚ್ಚಬೇಕು, ಹಾಗೆ ಮಾತು ಕೊಟ್ಟರೆ ಕ್ಷಮೆ ಉಂಟು ಎಂದರು. ಅವಳು ಮಾತು ಕೊಟ್ಟಳು. ಬಸ್ಸಿಗೆ ಮುಂಚೆ ಪೋಸ್ಟಾಫೀಸಿನಲ್ಲಿ ನಿಂತುಕೊಂಡೇ ಬಾಜಿಲನಿಗೆ ಕಾಗದ ಬರೆದು ಹಾಕಿದಳು: ಇನ್ನು ಹಿಂದಿನ ಬದಿಯಲ್ಲಿ ಅಂಥದ್ದೇನೂ ಹೇಳಬೇಡಿ, ಅದು ಪಾಪ.

ಆದರೆ ಇದ್ದ ಕ್ಯಾಸೆಟ್ಟನ್ನು ಅಳಿಸಲು ಅವಳಿಂದ ಆಗಲಿಲ್ಲ. ಕೆಂಪು ಗುಂಡಿಯ ಮೇಲೆ ಬೆರಳಿಟ್ಟು ಎರಡು ದಿನ ಕೂತಳು. ಮೂರನೆಯ ದಿನ ಪಕ್ಕದ ಗುಂಡಿ ಒತ್ತಿ ಕೇಳಿದಳು.

ಈಸ್ಟರಿಗೆ ಒಂದು ವಾರ ಮುಂಚೆ, ಗರಿಗಳ ಭಾನುವಾರ, ಪರಮಪ್ರಸಾದಕ್ಕೆ ಸಾಲಿನವರೆಲ್ಲ ಎದ್ದರು. ದೊಡ್ಡ ಪಾಪ ಹೊತ್ತವರು ಪ್ರಸಾದ ತೆಗೆದುಕೊಳ್ಳುವಂತಿಲ್ಲ. ಕಾರ್ಮಿನ್ ಏಳಲಿಲ್ಲ. ಕೊಟ್ಟ ಮಾತು ಮುರಿದು ಆ ನಾಲಗೆಯ ಮೇಲೆ ದೇವರನ್ನು ಇಟ್ಟುಕೊಳ್ಳುವುದು ಹೇಗೆ? ಒಬ್ಬೊಬ್ಬರಾಗಿ ಹೆಂಗಸರು ಅವಳ ಮೊಣಕಾಲು ದಾಟಿ ಹೋದರು, ದಾಟುವಾಗ ಮುಖ ನೋಡಿದರು. ಗಂಡ ಗಲ್ಫಿನಲ್ಲಿದ್ದು ಪ್ರಸಾದ ತೆಗೆದುಕೊಳ್ಳದ ಹೆಂಡತಿಯ ಬಗ್ಗೆ ಊರು ಏನು ಲೆಕ್ಕ ಹಾಕುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹಿಂದಿನ ವರ್ಷ ಕೊಕ್ಕಡದ ಒಬ್ಬಳನ್ನು ತವರಿಗೆ ಕಳಿಸಿದ್ದು ಇಂಥದ್ದೇ ಲೆಕ್ಕದಿಂದ.

ಮನೆಯ ದಾರಿಯಲ್ಲಿ ನತಾಲ್ ಬಾಯಿ ಮುಂದೆ ಮುಂದೆ ನಡೆದರು. ಜಗಲಿಗೆ ಬಂದು ಇಗರ್ಜಿಯಲ್ಲಿ ಕೊಟ್ಟ ಗರಿಯನ್ನು ಶಿಲುಬೆಯ ಹಿಂದೆ ಸಿಕ್ಕಿಸಿದ ಮೇಲೆ ಕೇಳಿದರು: "ಯಾರು?"

"ಯಾರೂ ಇಲ್ಲ ಮಾಂಯ್."

"ಯಾರೂ ಇಲ್ಲದಿದ್ರೆ ನೀನು ಎದ್ದು ಬರ್ತಿದ್ದಿ. ನಾನೇನು ಇವತ್ತು ಹುಟ್ಟಿದವಳಾ? ನಾಳೆ ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನೀನೇ ಹೇಳು. ನಾನು ನನ್ನ ಮಗನಿಗೆ ಏನಂತ ಬರೆಸ್ಲಿ?"

ಕಾರ್ಮಿನ್ ಒಳಗೆ ಹೋಗಿ ಟೇಪ್‌ರೆಕಾರ್ಡರ್ ತಂದು ಮೇಜಿನ ಮೇಲಿಟ್ಟಳು. ಕ್ಯಾಸೆಟ್ ತಿರುಗಿಸಿ ಹಾಕಿ ಗುಂಡಿ ಒತ್ತಿ, ಗೋಡೆಯ ಕಡೆ ಮುಖ ಮಾಡಿ ನಿಂತಳು. ಕಂಬಳಿಯ ಮಾತು ಬಂತು. ಬೆವರುಸಾಲೆ, ಪೌಡರ್ ಬಂತು. ಅತ್ತೆ ಈಗ ನಿಲ್ಲಿಸು ಎನ್ನುತ್ತಾರೆ, ಈಗ ಎನ್ನುತ್ತಾರೆ ಎಂದು ಅವಳು ಕಾದಳು. ಅವರು ಅವಳೆಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಕೇಳಿದರು.

"ಸಾಕು, ನಿಲ್ಲಿಸು."

ನಿಲ್ಲಿಸಿದಳು.

"ಅವನಪ್ಪನದ್ದೇ ಸ್ವರ," ಎಂದರು ನತಾಲ್ ಬಾಯಿ. ಸೆರಗಿನಿಂದ ಮೇಜಿನ ಮೇಲಿಲ್ಲದ ಧೂಳು ಒರೆಸಿದರು. ಕಾರ್ಮಿನ್ ಆ ಹಲ್ಲುನೋವಿನ ದಿನ ಪಾದ್ರಿಗಳ ಮುಂದೆ ಆದದ್ದನ್ನೆಲ್ಲ ಹೇಳಿದಳು. ಕೇಳಿ ಅತ್ತೆ ಗದರಿದರು: "ಗಂಡ ಅಂತ ಒಂದು ಶಬ್ದ ಹೇಳ್ಲಿಕ್ಕೆ ನಿನಗೇನಾಗಿತ್ತು? ಹೋಗಿ ಸರಿಯಾಗಿ ಹೇಳು. ಈಸ್ಟರಿಗೆ ನನ್ನೊಟ್ಟಿಗೆ ಎದ್ದು ಬಾ."

"ಗಂಡನದ್ದಾದ್ರೆ ಪಾಪ ಅಲ್ವಾ ಮಾಂಯ್?"

"ನನಗೆಂಥ ಗೊತ್ತು? ನಾನು ಯಾರ ಹತ್ರವೂ ಕೇಳ್ಲಿಲ್ಲ. ಕೇಳ್ಬೇಕಾದಾಗ ಹೆದರಿಕೆ. ಮತ್ತೆ ಬಾಜಿಲನ ಅಪ್ಪನೂ ಇಲ್ಲ, ಕೇಳುವಂಥದ್ದೂ ಇಲ್ಲ."

ಬುಧವಾರ ಕಾರ್ಮಿನ್ ಪುನಃ ಹೋದಳು. ಈ ಸಲ ಬೇರೆ ಪಾದ್ರಿಗಳು, ವಯಸ್ಸಾದವರು. ಅವಳು ಮೊದಲಿಗೇ ಗಂಡ ಎಂದಳು. ಅವರು ಜಾಲರಿಯಾಚೆ ನಕ್ಕಂತೆ ಕೇಳಿಸಿತು. ಗಂಡನ ಮೇಲೆ ಆಸೆಯಾಗುವುದು ಮದುವೆಯ ಸಂಸ್ಕಾರಕ್ಕೆ ಸೇರಿದ್ದು, ಅದನ್ನು ಕೊಟ್ಟವನೂ ದೇವರೇ, ಅವನು ಬೇಗ ಬರಲಿ ಎಂದು ಒಂದು ನಮೋ ಮರಿಯಾ ಹೇಳು ಎಂದರು. ಎರಡೇ ನಿಮಿಷದಲ್ಲಿ ಮುಗಿಯಿತು. ಅಂದೇ ಅವಳು ಬಾಜಿಲನಿಗೆ ಇನ್ನೊಂದು ಕಾಗದ ಹಾಕಿದಳು, ಮೊದಲಿನದನ್ನು ಮರೆತುಬಿಡಿ ಎಂದು.

ಈಸ್ಟರಿನ ಬೆಳಿಗ್ಗೆ ಅವಳು ಅತ್ತೆಯ ಹಿಂದೆ ಎದ್ದು ಹೋಗಿ ಪ್ರಸಾದ ಸ್ವೀಕರಿಸಿದಳು. ಹೆಂಗಸರು ನೋಡಿದರು, ಹಬ್ಬದ ಶುಭಾಶಯ ಹೇಳಿ ಕೈ ಹಿಡಿದರು. ಮನೆಗೆ ಬಂದು, ಪಾಪವಲ್ಲದ ಆ ಬದಿಯನ್ನು ಅವಳು ಹಾಕಿ ಕೇಳಿದಳು. ಪೌಡರಿನ ಮಾತು ಬಂದಾಗ ಗೋಡೆಯ ಕಡೆ ಮುಖ ಮಾಡಿ ನಿಂತದ್ದೇ ನೆನಪಾಯಿತು. ಅತ್ತೆಯ ಉಸಿರು ಟೇಪಿನಲ್ಲೇ ಸೇರಿಕೊಂಡ ಹಾಗೆ. ಅವಳ ಮೈ ಸುಮ್ಮನಿತ್ತು.

ಮೇ ತಿಂಗಳಲ್ಲಿ ಇನ್ನೊಂದು ಕ್ಯಾಸೆಟ್ ಬಂತು. ಮುಂದಿನ ಬದಿ ಮುಗಿದ ಕೂಡಲೇ ನತಾಲ್ ಬಾಯಿ, "ನಾನು ಹಟ್ಟಿಗೆ ಹೋಗ್ತೇನೆ, ದನದ ಮೈ ತೊಳೀಬೇಕು," ಎಂದು ಎದ್ದರು. ಹೋಗುವಾಗ ಬಾಗಿಲು ಎಳೆದುಕೊಂಡರು.

ಕಾರ್ಮಿನ್ ಕ್ಯಾಸೆಟ್ ತಿರುಗಿಸಿದಳು. ಬಾಜಿಲ್ ಗಂಟಲು ಸರಿಮಾಡಿಕೊಂಡ. "ಕಾರ್ಮಿನ್, ನಿನ್ನ ಕಾಗದ ಸಿಕ್ಕಿತು. ನೀನು ಹೇಳಿದ್ದು ಸರಿ. ಇಲ್ಲಿ ಪಾದ್ರಿಗಳ ಹತ್ತಿರ ನಾನೂ ಹೇಳಿದೆ, ತಪ್ಪಾಯ್ತು ಅಂತ. ಇನ್ನು ಹೇಳುವುದಿಲ್ಲ." ಯಾವ ಕಾಗದ ಎಂದು ಅವಳಿಗೆ ತಿಳಿಯಿತು. ಎರಡನೆಯದು ಇನ್ನೂ ದಾರಿಯಲ್ಲಿತ್ತೋ ಏನೋ. ಮುಂದೆ ಮಾತಿರಲಿಲ್ಲ, ಟೇಪ್ ಸುತ್ತುವ ಸದ್ದು ಮಾತ್ರ.

ಅವಳು ನಿಲ್ಲಿಸಲಿಲ್ಲ. ಅರ್ಧ ಗಂಟೆಯ ಬದಿ ಮುಗಿಯುವ ಮೊದಲೇ ಹೊರಗೆ ಹೋದರೆ ಅತ್ತೆ ಮುಖ ನೋಡುತ್ತಾರೆ. ಚಾಪೆಯ ಮೇಲೆ ಕೂತು ಅವಳು ಕಾದಳು. ಹಟ್ಟಿಯಲ್ಲಿ ನತಾಲ್ ಬಾಯಿ ದನಕ್ಕೆ ಏನೇನೋ ಗಟ್ಟಿಯಾಗಿ ಹೇಳುತ್ತಿದ್ದರು, ಒಳಗಿನದು ತನಗೆ ಕೇಳಿಸುತ್ತಿಲ್ಲವೆಂದು ಸೊಸೆಗೆ ಗೊತ್ತಾಗಲಿ ಎಂದು.